24 ಬ್ರಷ್‌ಗಳ ಸೆಟ್ ಬೇಕೇ? ಚೌಲದ ಮಗುವಿನ ತಲೆ ಮುಟ್ಟಿ ನೋಡಿ

[ಮೇಜಿನ ಮೇಲೆ ಕಪ್ಪು ರೆಕ್ಸಿನ್ ಚೀಲ. ಜಿಪ್ ಎಳೆಯುವ ಸದ್ದು. ಒಳಗೆ ಸಾಲಾಗಿ 24 ಬ್ರಷ್‌ಗಳು.]

ನಮಸ್ಕಾರ. ವೀಕ್ಷಕಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ಈಗಷ್ಟೇ ಮೇಕಪ್ ಕಲಿಯುತ್ತಿದ್ದೇನೆ. 24 ಬ್ರಷ್‌ಗಳ ಸೆಟ್ ಅಗ್ಗಕ್ಕೆ ಸಿಗುತ್ತಿದೆ, ತೆಗೆದುಕೊಳ್ಳಲೇ?"

ಬೇಡ ತಂಗಿ. ಇಗೋ, ನಾನು ತೆಗೆದುಕೊಂಡು ಕೂತಿದ್ದೇನೆ. ಇವುಗಳಲ್ಲಿ ಹತ್ತೊಂಬತ್ತಕ್ಕೆ ಇನ್ನೂ ಬಣ್ಣವೇ ತಾಗಿಲ್ಲ. ತಾಗಿದ ಐದರಲ್ಲಿ ಒಂದು, ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ದಿನ ನನ್ನ ಕೆನ್ನೆಯ ಮೇಲೆ ಮೂರು ಕೂದಲು ಉದುರಿಸಿತು. ಕಣ್ಣಿಗೆ ಬಿದ್ದದ್ದು ಮುಖದ ಬಣ್ಣ ಸಮ ಮಾಡುವ ಲೇಪ, ಅಂದರೆ ಫೌಂಡೇಶನ್, ಒಣಗಿದ ಮೇಲೆ. ಕಿತ್ತರೆ ಗೆರೆ ಮೂಡುತ್ತದೆ, ಬಿಟ್ಟರೆ ದಾರಿ ತಪ್ಪಿದ ಮೀಸೆ. ಬಿಟ್ಟೆ. ಆಲ್ಬಮ್‌ನಲ್ಲಿ ಈಗಲೂ ಇದೆ.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಬ್ರಷ್ ಎಂದರೆ ಹಿಡಿ, ಕೂದಲು, ಎರಡನ್ನೂ ಕಚ್ಚಿ ಹಿಡಿದ ಲೋಹದ ಕೊರಳು. ಕೂದಲು ಆಡಿನದ್ದೋ ಅಳಿಲಿನದ್ದೋ ಇರಬಹುದು, ನೈಲಾನ್, ಪಾಲಿಯೆಸ್ಟರ್‌ನಂಥ ಕೃತಕ ಎಳೆಯೂ ಇರಬಹುದು. ಪ್ರಾಣಿಯ ಕೂದಲಿನ ಮೇಲೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿರುತ್ತವೆ, ಪುಡಿ ಆ ಸಂದಿಗಳಲ್ಲಿ ಕೂರುತ್ತದೆ. ಕೃತಕ ಎಳೆ ನುಣುಪು. ಅದು ದ್ರವವನ್ನು ಕುಡಿಯುವುದಿಲ್ಲ, ಹಾಗಾಗಿ ಫೌಂಡೇಶನ್‌ಗೆ ಅದೇ ಸರಿ. ಹೊಸಬರಿಗೆ ಎಲ್ಲಕ್ಕೂ ಕೃತಕವೇ ಸಾಕು. ತೊಳೆಯುವುದೂ ಸುಲಭ, ಆಡಿಗೂ ನೆಮ್ಮದಿ.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನೋಡಲು ಒಂದೇ ಥರ ಇರುವ ಎರಡು ಬ್ರಷ್‌ಗಳಲ್ಲಿ ಒಂದು ಕೆನ್ನೆಗೆ ಹತ್ತಿಯಂತೆ, ಇನ್ನೊಂದು ತೆಂಗಿನ ನಾರಿನಂತೆ ತಾಗುವುದೇಕೆ?

[ಕ್ಯಾಮೆರಾ ಹತ್ತಿರ. ಬೆಳಕಿಗೆ ಹಿಡಿದ ಬ್ರಷ್‌ನ ತುದಿ.]

ಉತ್ತರ ಹೊಳೆದದ್ದು ಅಣ್ಣನ ಮಗನ ಚೌಲದ ಮನೆಯಲ್ಲಿ. ಹಿಂದಿನ ದಿನ ಅವನ ತಲೆ ಸವರಿದರೆ ರೇಷ್ಮೆ. ಬೋಳಿಸಿ ವಾರ ಕಳೆದ ಮೇಲೆ ಸವರಿದರೆ ಉಜ್ಜುಕಾಗದ. "ನೋಡಿದೆಯಾ, ಕೂದಲು ದಪ್ಪ ಬರುತ್ತಿದೆ" ಎಂದು ಅಜ್ಜಿಗೆ ಹಿಗ್ಗು. ಅಜ್ಜಿ, ಕ್ಷಮಿಸು: ದಪ್ಪವಾದದ್ದಲ್ಲ, ತುದಿ ಹೋದದ್ದು. ಕತ್ತರಿ ಕಾಣದ ಕೂದಲು ಭತ್ತದ ಗರಿಯಂತೆ ತುದಿಗೆ ಹೋದಂತೆ ಸಪೂರವಾಗುತ್ತದೆ. ಕತ್ತಿ ಬಿದ್ದ ಮೇಲೆ ಉಳಿಯುವುದು ಕೊಯ್ದ ಕೂಳೆ. ಬರಿಗಾಲಲ್ಲಿ ಕೂಳೆಗದ್ದೆ ದಾಟಿದವರಿಗೆ ನಾನು ಹೆಚ್ಚೇನೂ ಹೇಳಬೇಕಾಗಿಲ್ಲ.

ಅಗ್ಗದ ಬ್ರಷ್‌ನಲ್ಲಿ ಆಗುವುದೂ ಇದೇ. ಎಳೆಗಳನ್ನು ಕಟ್ಟಿ, ಕೊನೆಗೆ ಕತ್ತರಿಯಿಂದ ದುಂಡಗೆ ಕತ್ತರಿಸಿಬಿಡುತ್ತಾರೆ. ಕೆನ್ನೆಗೆ ತಾಗುವುದು ಕೂಳೆ.

ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ಕುಮಾನೊ ಎಂಬ ಊರಿದೆ. ಜಪಾನಿನ ಬ್ರಷ್‌ಗಳಲ್ಲಿ ಸುಮಾರು 80% ಅಲ್ಲಿಯವು. ಬೇಸಾಯವಿಲ್ಲದ ತಿಂಗಳುಗಳಲ್ಲಿ ಕೂಲಿಗೆ ಹೋಗುತ್ತಿದ್ದ ಅಲ್ಲಿನ ರೈತರು ಬರುವಾಗ ನಾರಾ ಎಂಬ ಊರಿನಿಂದ ಬರೆಯುವ ಕುಂಚಗಳನ್ನು ತಂದು ಮಾರುತ್ತಿದ್ದರು, ಆಮೇಲೆ ತಾವೇ ಮಾಡಲು ಕಲಿತರು. ಎರಡನೇ ಮಹಾಯುದ್ಧದ ಬಳಿಕ ಬರೆಯುವ ಕುಂಚಕ್ಕೆ ಬೇಡಿಕೆ ಕುಸಿದಾಗ ಮೇಕಪ್ ಬ್ರಷ್‌ಗೆ ತಿರುಗಿದರು. ಅಲ್ಲಿ ತುದಿಗೆ ಕತ್ತರಿ ತಾಗಿಸುವುದಿಲ್ಲ. ಕೂದಲನ್ನು ತುದಿ ಕೆಳಗಾಗಿ ಸಣ್ಣ ಮರದ ಅಚ್ಚಿಗೆ ಇಳಿಸಿ ಟಕ್ ಟಕ್ ಎಂದು ಕುಟ್ಟುತ್ತಾರೆ. ಅಚ್ಚಿನ ತಳ ಹೇಗಿದೆಯೋ ಬ್ರಷ್‌ನ ತಲೆ ಹಾಗೆ. ನಮ್ಮಲ್ಲಿ ಸೇರು ಅಳೆಯುವಾಗ ಕುಟ್ಟಿ ಕೂರಿಸುತ್ತೇವಲ್ಲ, ಅದೇ ಕೈಚಳಕ.

2011ರಲ್ಲಿ ಜಪಾನಿನ ಮಹಿಳೆಯರ ಫುಟ್‌ಬಾಲ್ ತಂಡ ವಿಶ್ವಕಪ್ ಗೆದ್ದಾಗ ಸರ್ಕಾರ ಕೊಟ್ಟ ಉಡುಗೊರೆ ಇದೇ ಕುಮಾನೊ ಮೇಕಪ್ ಬ್ರಷ್‌ಗಳು. ಒಬ್ಬೊಬ್ಬರಿಗೆ ಎಷ್ಟು? 7. ವಿಶ್ವಕಪ್ ಗೆದ್ದವರಿಗೆ ಏಳು, ನಮಗೆ ಇಪ್ಪತ್ನಾಲ್ಕು!

ಕುಮಾನೊದ್ದೇ ಕೊಳ್ಳಿ ಎನ್ನುತ್ತಿಲ್ಲ, ಬೆಲೆ ಕೇಳಿ ನಾನೂ ಸುಮ್ಮನಾದವಳು. ಒಳ್ಳೆಯ ಕೃತಕ ಎಳೆಗಳ ತುದಿಯನ್ನೂ ಸಪೂರಗೊಳಿಸಿರುತ್ತಾರೆ. ಅಂಗಡಿಯಲ್ಲಿ ಮಾದರಿ ಇಟ್ಟಿದ್ದರೆ ಮಣಿಕಟ್ಟಿನ ಒಳಬದಿಗೆ ನೆಟ್ಟಗೆ ಒತ್ತಿ, ಸುತ್ತ ತಿರುಗಿಸಿ. ಚುಚ್ಚಿದರೆ ಕೂಳೆ. ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಎರಡು ಮೂರು ಎಳೆ ಕೈಗೆ ಬಂದರೆ ಅಲ್ಲೇ ಇಟ್ಟುಬಿಡಿ. ಕೊರಳು ಅಲ್ಲಾಡಿದರೂ ಬೇಡ.

[ಪರದೆಯ ಮೂಲೆಯಲ್ಲಿ ಗಡಿಯಾರ.]

ಅಯ್ಯೋ, ಚೌಲಕ್ಕೇ ಅರ್ಧ ವಿಡಿಯೋ ಹೋಯಿತು. ಕೊಳ್ಳಬೇಕಾದದ್ದು ಮೂರೇ: ಪೌಡರ್‌ಗೂ ಬ್ಲಶ್‌ಗೂ ಆಗುವ, ಹಗುರವಾಗಿ ಉಬ್ಬಿದ ಒಂದು ದೊಡ್ಡದು, ಕಣ್ಣಿನ ಬಣ್ಣದ ಅಂಚು ಕರಗಿಸಲು ಬೆರಳ ತುದಿಯಷ್ಟು ಅಗಲದ ಮೆತ್ತನೆಯದೊಂದು, ಹುಬ್ಬಿಗೂ ಕಣ್ಣಂಚಿಗೂ ತೆಳ್ಳಗೆ, ಓರೆಯಾಗಿ ಕತ್ತರಿಸಿದಂತಿರುವುದೊಂದು. ಫೌಂಡೇಶನ್‌ಗೆ ಬೆರಳೋ ಒದ್ದೆ ಸ್ಪಂಜೋ ಸಾಕು. ತುಟಿಯ ಬ್ರಷ್, ಫ್ಯಾನ್ ಬ್ರಷ್ ಎಲ್ಲ ಆಮೇಲೆ, ಬೇಕೆನಿಸಿದರೆ.

ತೊಳೆಯುವುದು 7ರಿಂದ 10 ದಿನಕ್ಕೊಮ್ಮೆ ಎನ್ನುತ್ತದೆ ಅಮೆರಿಕದ ಚರ್ಮವೈದ್ಯರ ಅಕಾಡೆಮಿ. ಉಗುರುಬೆಚ್ಚನೆಯ ನೀರು, ಸ್ವಲ್ಪ ಶಾಂಪೂ. ನೀರು ಕೂದಲಿಗೆ ಮಾತ್ರ, ಕೊರಳಿಗಲ್ಲ. ಒಣಗಿಸುವಾಗ ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಬೇಡಿ. ನೀರು ಕೊರಳೊಳಗೆ ಇಳಿದರೆ ಅಂಟು ಬಿಡುತ್ತದೆ, ಕೂದಲು ಉದುರುತ್ತದೆ.

[ಮೇಜಿನ ಅಂಚಿಗೆ ಸರಿದ ಸ್ಟೀಲ್ ಲೋಟ. ಅದರಲ್ಲಿ ತಲೆ ಮೇಲಾಗಿ ನಿಂತ ಒದ್ದೆ ಬ್ರಷ್.]

ನಿಶ್ಚಿತಾರ್ಥದ ಹಿಂದಿನ ರಾತ್ರಿ ನಾನು ಹೀಗೆಯೇ ನಿಲ್ಲಿಸಿ ಮಲಗಿದ್ದೆ. ಮೂರು ವರ್ಷದಿಂದ ಬೈದದ್ದು ಮಾತ್ರ ಅಂಗಡಿಯವನನ್ನು.