ಅಜ್ಜಿಯ ಹಚ್ಚೆ ಮತ್ತು ಫೋನಿನ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಕೆಲಸ ಬಿಟ್ಟು ಬಂದಿದ್ದೀರಿ, ತುಂಬ ಸಂತೋಷ.

ನಾನು ಮೊಬೈಲ್ ಅಂಗಡಿ ಇಟ್ಟುಕೊಂಡವನು. ದಿನಕ್ಕೆ ನಾಲ್ಕು ಜನವಾದರೂ ಬಂದು ಕೇಳುತ್ತಾರೆ: "ಬೇರೆ ಏನೂ ಬೇಡ ಅಣ್ಣಾ, ಕ್ಯಾಮೆರಾ ಒಂದು ಚೆನ್ನಾಗಿರಬೇಕು. ಯಾವುದು ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ಯಾರ ಫೋಟೊ ತೆಗೆಯುತ್ತೀರಿ? ಎಷ್ಟು ಹೊತ್ತಿಗೆ?" ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಒಂದು ಕಾಲಕ್ಕೆ ನಾನೂ ಯೋಚಿಸಿರಲಿಲ್ಲ.

ನಮ್ಮ ಅಜ್ಜಿಯ ಗಲ್ಲದ ಮೇಲೆ ಮೂರು ಹಸಿರು ಚುಕ್ಕಿ ಇತ್ತು, ಹಚ್ಚೆ. ಚಿಕ್ಕ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಹಾಕಿಸಿಕೊಂಡದ್ದಂತೆ. ಒಂದು ಸಂಜೆ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ಬೆಂಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ಕೈಯಲ್ಲಿ ಹೊಸ ಫೋನ್ ಇತ್ತು, ಒಂದು ಫೋಟೊ ತೆಗೆದೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಅವರು ತೀರಿಕೊಂಡ ಮೇಲೆ ಗೋಡೆಗೆ ಹಾಕೋಣ ಅಂತ ದೊಡ್ಡದು ಮಾಡಿಸಿದೆ. ಮುಖ ಮೇಣದ ಗೊಂಬೆಯ ಹಾಗಿತ್ತು. ಒಂದು ಸುಕ್ಕಿಲ್ಲ. ಮೈಬಣ್ಣ ಬೆಳ್ಳಗೆ. ಗಲ್ಲದ ಮೂರು ಚುಕ್ಕಿಯೂ ಇಲ್ಲ. ಫೋನಿನ ಬ್ಯೂಟಿ ಮೋಡ್ ಅವನ್ನು ಕಲೆ ಅಂತ ತಿಳಿದು ಒರೆಸಿ ಹಾಕಿತ್ತು. ಅಷ್ಟು ಹತ್ತಿರದಿಂದ ತೆಗೆದ ಅವರ ಫೋಟೊ ನಮ್ಮ ಮನೆಯಲ್ಲಿ ಅದೊಂದೇ.

ಆ ಫೋನಿನ ಡಬ್ಬಿಯ ಮೇಲೆ ಇಷ್ಟು ಮೆಗಾಪಿಕ್ಸೆಲ್ ಅಂತ ದೊಡ್ಡ ಅಕ್ಷರದಲ್ಲೇ ಬರೆದಿತ್ತು. ಅದನ್ನು ನೋಡಿಯೇ ನಾನು ತೆಗೆದುಕೊಂಡದ್ದು.

ಈ ಸಂಖ್ಯೆಯ ಹುಚ್ಚು ಹಳೆಯದು. 2000ದಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನ್ ಬಂತು. ಅದರಲ್ಲಿದ್ದದ್ದು ಸುಮಾರು 1.1 ಲಕ್ಷ ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕಿ. ಆಗ ಪಿಕ್ಸೆಲ್ ಜಾಸ್ತಿ ಆದ ಹಾಗೆ ಚಿತ್ರ ನಿಜಕ್ಕೂ ಚೆನ್ನಾಗುತ್ತಿತ್ತು. ಇವತ್ತು 4ಕೆ ಟಿವಿಯ ಪರದೆ ತುಂಬಲು 83 ಲಕ್ಷ ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲ್ ಅಂದರೆ 120 ಲಕ್ಷ. ಅಲ್ಲಿಗೆ ನಮ್ಮ ನಿಮ್ಮ ಕೆಲಸ ಮುಗಿಯಿತು. ಆದರೂ ಜಾಹೀರಾತು 50, 108, 200 ಅಂತ ಏರುತ್ತಲೇ ಇದೆ.

ಸೆನ್ಸರ್ ಅಂದರೆ ಲೆನ್ಸ್ ಹಿಂದೆ ಕೂತು ಬೆಳಕು ಹಿಡಿಯುವ ಚಿಪ್. ಅದನ್ನು ಒಂದು ಥರ್ಟಿ-ಫಾರ್ಟಿ ಸೈಟ್ ಅಂದುಕೊಳ್ಳಿ. ಪಿಕ್ಸೆಲ್ ಅಂದರೆ ಅದರಲ್ಲಿ ಕಟ್ಟುವ ಕೋಣೆ. ಸೈಟು ಅಷ್ಟೇ ಇಟ್ಟು ಕೋಣೆ ಹೆಚ್ಚಿಸುತ್ತಾ ಹೋದರೆ ಒಂದೊಂದು ಕೋಣೆಗೂ ಬೀಳುವ ಬೆಳಕು ಕಮ್ಮಿ ಆಗುತ್ತದೆ. ಇದು ತಯಾರಕರಿಗೂ ಗೊತ್ತು. ಅದಕ್ಕೇ ಫೋಟೊ ತೆಗೆಯುವಾಗ ನಡುವಿನ ಗೋಡೆ ಒಡೆದು ಕೋಣೆಗಳನ್ನು ಒಂದು ಮಾಡುತ್ತಾರೆ. ಸ್ಯಾಮ್ಸಂಗ್ ಎಸ್23 ಅಲ್ಟ್ರಾದಲ್ಲಿ 200 ಮೆಗಾಪಿಕ್ಸೆಲ್ ಇದೆ. ಮಾಮೂಲಿಯಾಗಿ ತೆಗೆದರೆ 16 ಪಿಕ್ಸೆಲ್ ಸೇರಿ ಒಂದಾಗಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವೇ ಬರುತ್ತದೆ. ಅದು ಒಳ್ಳೆಯ ಕ್ಯಾಮೆರಾ, ಸಂಶಯವಿಲ್ಲ. ಒಳ್ಳೆಯದಾಗಲು ಮುಖ್ಯ ಕಾರಣ ಅದರ ಸೈಟ್ ದೊಡ್ಡದು.

ಹಾಗಾಗಿ ಡಬ್ಬಿಯ ಮೇಲಿನ ಸಂಖ್ಯೆ ಬಿಟ್ಟು ಸೆನ್ಸರ್ ಅಳತೆ ಹುಡುಕಿ. 1/1.3, 1/1.56, 1/2.76 ಅಂತ ಬರೆದಿರುತ್ತಾರೆ. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಇದನ್ನು ತಿಳಿದವರು ಅರ್ಧ ಮೋಸದಿಂದ ಪಾರಾದ ಹಾಗೆ. ಇನ್ನು ತೀರ ಹತ್ತಿರದ್ದನ್ನು ತೆಗೆಯಲು ಮ್ಯಾಕ್ರೊ, ದೂರ ಅಳೆಯಲು ಡೆಪ್ತ್ ಅಂತ 2 ಮೆಗಾಪಿಕ್ಸೆಲ್‌ನವು ಹಿಂಬದಿಯಲ್ಲಿ ಇನ್ನೆರಡು ಕಣ್ಣು ಕೂರಿಸಿರುತ್ತಾರೆ. ಅವು ಲೆಕ್ಕಕ್ಕೆ ಮಾತ್ರ. ಅವಕ್ಕಾಗಿ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಸೆನ್ಸರ್ ಆದ ಮೇಲೆ ಉಳಿದದ್ದು ಸಾಫ್ಟ್‌ವೇರ್. ಗೂಗಲ್‌ನ ಪಿಕ್ಸೆಲ್ 3 ಅನ್ನುವ ಫೋನ್ ಬಂದದ್ದು 2018ರಲ್ಲಿ. ಹಿಂದೆ ಒಂದೇ ಕ್ಯಾಮೆರಾ, 12 ಮೆಗಾಪಿಕ್ಸೆಲ್. ಆದರೂ ಕತ್ತಲಲ್ಲಿ ತೆಗೆದ ಅದರ ಚಿತ್ರ ನೋಡಿ ಜನ ಬೆರಗಾದರು. ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಅವನ್ನು ಸೇರಿಸಿ ಒಂದು ಮಾಡುವುದು ನೈಟ್ ಮೋಡ್‌ನ ಗುಟ್ಟು. ದೇವಸ್ಥಾನದ ಗೋಪುರಕ್ಕೆ, ದೀಪ ಹಚ್ಚಿದ ಬೀದಿಗೆ ಅದು ವರ.

ಯಕ್ಷಗಾನಕ್ಕೆ ಅದು ಆಗುವುದಿಲ್ಲ. ನನಗೆ ಆಟ ನೋಡುವ ಹುಚ್ಚು, ಫೋಟೊ ತೆಗೆಯುವ ಹುಚ್ಚೂ ಇದೆ. ರಾತ್ರಿ ಬಯಲಾಟ, ಚಂಡೆ ಏರಿದೆ, ವೇಷಧಾರಿ ಗಿರಗಿರ ತಿರುಗುತ್ತಾ ಹಾರಿ ದಿಗಿಣ ಹೊಡೆಯುತ್ತಿದ್ದಾನೆ. ಫೋನು ನಿಧಾನಕ್ಕೆ ಬೆಳಕು ಸೇರಿಸುತ್ತಾ ಕೂತರೆ ಸಿಗುವುದು ಕೆಂಪು ಬಣ್ಣದ ಒಂದು ಸುಳಿ ಮಾತ್ರ. ಓಐಎಸ್ ಅಂತ ಒಂದು ಸೌಲಭ್ಯ ಇದೆ. ಕೈ ನಡುಗಿದರೆ ಲೆನ್ಸ್ ತಾನೇ ಅಲುಗಿ ಸರಿಮಾಡುತ್ತದೆ. ಅದು ಇರಲೇಬೇಕು, ಆದರೆ ನಿಮ್ಮ ಕೈ ನಡುಗುವುದಕ್ಕೆ ಅದು ಮದ್ದು, ಎದುರಿಗಿನವರು ಕುಣಿಯುವುದಕ್ಕಲ್ಲ. ಕುಣಿಯುವವರನ್ನು ಹಿಡಿಯಲು ಬೇಗ ಬಡಿಯುವ ಶಟರ್ ಬೇಕು. ಅದಕ್ಕೆ ಬೆಳಕು ಬೇಕು, ಅಂದರೆ ಮತ್ತೆ ದೊಡ್ಡ ಸೆನ್ಸರ್. ಮನೆಯಲ್ಲಿ ಓಡಾಡುವ ಎರಡು ವರ್ಷದ ಮಗುವಿಗೂ ಇದೇ ಮಾತು.

ಒಮ್ಮೆ ಆಟದಲ್ಲಿ ಬಣ್ಣದ ವೇಷವನ್ನು, ಅಂದರೆ ರಾಕ್ಷಸನ ಪಾತ್ರವನ್ನು, ಜೂಮ್ ಮಾಡಿ ತೆಗೆದಿದ್ದೆ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ, ಮುಳ್ಳುಮುಳ್ಳಾಗಿ ಎದ್ದು ನಿಂತಿತ್ತು. ಗಂಟೆಗಟ್ಟಲೆ ಕೂತು ಇಟ್ಟುಕೊಳ್ಳುವಂಥದ್ದು. ಚಿತ್ರದಲ್ಲಿ ನೋಡಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಸಪಾಟು. ಕತ್ತಲಲ್ಲಿ ಬರುವ ಕಾಳುಕಾಳು ಗಲೀಜನ್ನು ಅಳಿಸಲು ಹೋಗಿ ಫೋನು ಚುಟ್ಟಿಯನ್ನೂ ಅಳಿಸಿತ್ತು. ನನಗೆ ಆಗ ಅಜ್ಜಿಯ ಗಲ್ಲ ನೆನಪಾಯಿತು.

ಮುಖದ ಬಣ್ಣದ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಆ ಮುಖ ಸರಿಯಾಗಿ ಕಂಡರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮೈಬಣ್ಣದವರು ಆ ಲೆಕ್ಕದ ಹೊರಗೇ ಉಳಿದರು. 2021ರಲ್ಲಿ ಗೂಗಲ್ ಪಿಕ್ಸೆಲ್ 6ರ ಜೊತೆ ರಿಯಲ್ ಟೋನ್ ತಂದಿತು, ಕಪ್ಪು, ಕಂದು ಮುಖಗಳು ಇದ್ದ ಹಾಗೆ ಬರಲಿ ಅಂತ. ಇಷ್ಟು ತಡವಾಗಿಯಾದರೂ ಈ ಮಾತು ಎದ್ದಿದೆ. ಆದರೆ ನಮ್ಮ ಅಂಗಡಿಗೆ ಬರುವ ಎಷ್ಟೋ ಫೋನುಗಳು ಇವತ್ತಿಗೂ ಮುಖ ಕಂಡ ಕೂಡಲೇ ಬೆಳ್ಳಗೆ ಮಾಡುತ್ತವೆ. ನಮ್ಮ ತಾಯಂದಿರ ಬಣ್ಣ ತಿದ್ದಬೇಕಾದ ತಪ್ಪಲ್ಲ. ಹೊಸ ಫೋನ್ ಕೈಗೆ ಬಂದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಬ್ಯೂಟಿಯನ್ನು ಸೊನ್ನೆಗೆ ಇಳಿಸಿ. ಸೊನ್ನೆಗೆ ಇಳಿಸಿದ ಮೇಲೂ ಮುಖ ಬೆಳ್ಳಗೆ ಬಂದರೆ ಆ ಫೋನ್ ಬೇಡ.

ಅಂಗಡಿಗೆ ಹೋದಾಗ ಏನು ಮಾಡಬೇಕು? ನಾನೇ ಅಂಗಡಿಯವನು, ಹೇಳುತ್ತೇನೆ ಕೇಳಿ. ನಮ್ಮಲ್ಲಿ ದೀಪ ಜಗಮಗ ಅಂತಿರುತ್ತದೆ. ಆ ಬೆಳಕಲ್ಲಿ ಎಂಥ ಫೋನಿನ ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಅದಕ್ಕೆ ಕೌಂಟರಿನ ಕೆಳಗಿನ ಕತ್ತಲ ಮೂಲೆಯ ಫೋಟೊ ತೆಗೆಯಿರಿ. ಜೊತೆಗೆ ಬಂದವರನ್ನು ಅತ್ತಿಂದಿತ್ತ ನಡೆಯಲು ಹೇಳಿ ತೆಗೆಯಿರಿ. ವಿಡಿಯೊ ಓಡುತ್ತಿರುವಾಗಲೇ ಒಂದು ಲೆನ್ಸ್‌ನಿಂದ ಇನ್ನೊಂದಕ್ಕೆ ಹೋಗಿ, ಬಣ್ಣ ಬದಲಾಗುತ್ತದಾ ನೋಡಿ. ಹೊಸ ಫೋನಿನ ಪರದೆಯನ್ನು ಮಾತ್ರ ನಂಬಬೇಡಿ. ಅದರ ಹೊಳಪೇ ಕಣ್ಣು ಕಟ್ಟುತ್ತದೆ. ತೆಗೆದ ಚಿತ್ರವನ್ನು ನಿಮ್ಮ ಹಳೆ ಫೋನಿಗೆ ಕಳಿಸಿಕೊಂಡು ಮನೆಯಲ್ಲಿ ನೋಡಿ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಇದಕ್ಕೆಲ್ಲ ಬೇಡ ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ದುಡ್ಡು ಕಮ್ಮಿ ಇದ್ದರೆ ಈ ವರ್ಷದ ಸಾಧಾರಣ ಫೋನಿಗಿಂತ ಎರಡು ವರ್ಷ ಹಿಂದಿನ ದುಬಾರಿ ಫೋನ್ ಎಷ್ಟೋ ಸಲ ವಾಸಿ. ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ ಎಸ್24ಕ್ಕೆ 7 ವರ್ಷ ಕೊಡುತ್ತೇವೆ ಅಂದಿದ್ದಾರೆ. ಎಲ್ಲಕ್ಕಿಂತ ಒಳ್ಳೆಯದು, ಅದೇ ಫೋನ್ ಇರುವ ನೆಂಟರು ಯಾರಾದರೂ ಇದ್ದರೆ ಒಂದು ಸಂಜೆ ಕೇಳಿ ತಂದು ನಿಮ್ಮ ಮನೆಯ ಬೆಳಕಲ್ಲಿ, ನಿಮ್ಮ ಮನೆಯವರ ಮುಖ ತೆಗೆದು ನೋಡುವುದು.

ಈಗ ಒಂದು ಕೆಲಸ ಮಾಡೋಣ. ಹಿಂದೆ ಇರುವವರು ದಯವಿಟ್ಟು ಟ್ಯೂಬ್‌ಲೈಟ್ ಎಲ್ಲ ಆರಿಸಿ, ಬಾಗಿಲ ಹತ್ತಿರದ ಬಲ್ಬ್ ಒಂದೇ ಇರಲಿ. ಎಲ್ಲರೂ ಫೋನ್ ತೆಗೆಯಿರಿ. ಮುಂದಿನ ಸಾಲಿನಲ್ಲಿ ಅಮ್ಮ ಒಬ್ಬರು ಕೂತಿದ್ದಾರೆ, ಅವರ ಹಣೆಯ ಮೇಲೂ ಹಚ್ಚೆ ಇದೆ. ಅಮ್ಮಾ, ನಿಮ್ಮದೊಂದು ಫೋಟೊ ತೆಗೆಯಬಹುದಾ?