ಲೆಕ್ಕ ಬರ್ದಿಟ್ಟಿದ್ದು ಬ್ಯಾಬಿಲೋನ್‌ನವ್ರು, ಹೆಸ್ರು ಮಾತ್ರ ಗ್ರೀಕರಿಗೆ!

ನಮಸ್ಕಾರ, ಎಲ್ರೂ ಹೇಗಿದೀರಾ. ಇವತ್ತು ಬೇರೆ ಟಾಪಿಕ್ ಇತ್ತು, ಪಕ್ಕಕ್ಕಿಟ್ಟೆ, ಯಾಕಂದ್ರೆ ಗ್ರಹಣದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಗುರೂ, ಬ್ಯಾಬಿಲೋನ್‌ನವ್ರು ಶಕುನ ನೋಡೋ ಪಾರ್ಟಿ, ಖಗೋಳಶಾಸ್ತ್ರ ಶುರುವಾಗಿದ್ದೇ ಗ್ರೀಸಲ್ಲಿ, ಸುಮ್ನೆ ಬಿಲ್ಡಪ್ ಕೊಡ್ಬೇಡ" ಅಂತ. ಅದಕ್ಕೆ ಲೈಕ್ ಬೇರೆ, ನನ್ನ ವಿಡಿಯೋಗೇ ಅಷ್ಟು ಬಿದ್ದಿಲ್ಲ ಮಾರಾಯ್ರೆ.

ಸರಿ ಸ್ವಾಮಿ, ಶಕುನ ನೋಡ್ತಿದ್ರು, ಯಾರು ಇಲ್ಲ ಅಂದ್ರು? ಬ್ಯಾಬಿಲೋನ್ ಅಂದ್ರೆ ಇವತ್ತಿನ ಇರಾಕ್‌ನಲ್ಲಿದ್ದ ಹಳೇ ಊರು, ಅದರ ಪಕ್ಕದ ಅಸ್ಸೀರಿಯಾದಲ್ಲಿ ಎಸರ್ಹಡ್ಡನ್ ಅಂತ ರಾಜ, ಕ್ರಿ.ಪೂ. 7ನೇ ಶತಮಾನ, ಚಂದ್ರಗ್ರಹಣ ತನಗೆ ಕಂಟಕ ಅಂತ ಪಂಡಿತರು ಹೇಳಿದ್ರೆ ಯಾವನೋ ಬಡಪಾಯಿನ ತಂದು ಸಿಂಹಾಸನದ ಮೇಲೆ ಕೂರ್ಸೋರು, ಅಸಲಿ ರಾಜಂಗೆ ಪತ್ರ ಬರೆಯೋವಾಗ 'ರೈತ' ಅಂತ ಬರೆಯೋರು, ಗ್ರಹಚಾರ ಕಳೆದ ಮೇಲೆ ಆ ಡಮ್ಮಿ ರಾಜನ ಕಥೆ ಮುಗಿಸೋರು. ಮೂಢನಂಬಿಕೆನೇ, ನೂರಕ್ಕೆ ನೂರು. ಆದ್ರೆ ಗ್ರಹಣ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಾಗ್ಬೇಕಂದ್ರೆ ಹಿಂದಿಂದೆಲ್ಲ ಬರ್ದಿಟ್ಟಿರ್ಬೇಕು ಅಲ್ವಾ? ನನ್ನ ಪಾಯಿಂಟ್ ಇಷ್ಟೇ. ಬರ್ದಿಟ್ಟೋರು ಯಾರು?

ಬ್ಯಾಬಿಲೋನ್‌ನಲ್ಲಿ ಆಕಾಶ ನೋಡಿ ಬರೆಯೋದಕ್ಕೇ ಅಂತ ಜನ ಇದ್ರು, ನಮ್ಮ ಹಳೇ ಶಾನುಭೋಗರ ಥರ, ರಾಜ ಯಾರೇ ಬರ್ಲಿ ಹೋಗ್ಲಿ ಕಡತ ಮಾತ್ರ ನಿಲ್ಲಂಗಿಲ್ಲ. ಜೇಡಿಮಣ್ಣಿನ ಫಲಕದ ಮೇಲೆ ದಿನಚರಿ. ಸಿಕ್ಕಿರೋದ್ರಲ್ಲಿ ಹಳೇದು ಕ್ರಿ.ಪೂ. 652ರದ್ದು, ಕೊನೇದು ಕ್ರಿ.ಪೂ. 61ರದ್ದು. ಮಧ್ಯದಲ್ಲಿ ಪರ್ಷಿಯಾದವ್ರು ಬಂದ್ರು, ಅಲೆಕ್ಸಾಂಡರ್ ಬಂದ, ಅವನ ಸೇನಾಪತಿಗಳ ವಂಶ ಬಂತು, ಪಾರ್ಥಿಯಾದವ್ರು ಬಂದ್ರು, ಇವ್ರು ಮಾತ್ರ ಬರೀತಾನೇ ಇದಾರೆ.

ಏನು ಬರೀತಿದ್ರು ಕೇಳಿ. ಚಂದ್ರ ಯಾವ ನಕ್ಷತ್ರದ ಹತ್ರ ಇದ್ದ, ಎಷ್ಟು ದೂರ, ಗ್ರಹಗಳು ಯಾವಾಗ ಕಂಡ್ವು ಯಾವಾಗ ಮುಳುಗಿದ್ವು, ಗಾಳಿ, ಮಳೆ. ತಿಂಗಳ ಕೊನೆಗೆ ಒಂದು ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿಗೆ ಬಾರ್ಲಿ ಎಷ್ಟು ಬರುತ್ತೆ, ಖರ್ಜೂರ ಎಷ್ಟು, ಎಳ್ಳೆಷ್ಟು, ಉಣ್ಣೆ ಎಷ್ಟು. ಯೂಫ್ರೆಟಿಸ್ ನೀರಿನ ಮಟ್ಟ. ಮೋಡ ಇದ್ರೆ 'ಮೋಡ ಇತ್ತು, ನೋಡ್ಲಿಲ್ಲ' ಅಂತ ಬರ್ದಿದಾರೆ ಕಣ್ರೀ! ಕಾಣದೇ ಇದ್ದದ್ದನ್ನ ಕಂಡೆ ಅಂತ ಬುರುಡೆ ಬಿಟ್ಟಿಲ್ಲ. ಕ್ರಿ.ಪೂ. 323ರ ಜೂನ್‌ನಲ್ಲಿ ಅಲೆಕ್ಸಾಂಡರ್ ಅದೇ ಊರಲ್ಲಿ ಸತ್ತಾಗ ಆ ದಿನಚರಿಯಲ್ಲಿ ಏನಿದೆ ಗೊತ್ತಾ, ಅವ್ರ ತಿಂಗಳ ಲೆಕ್ಕದಲ್ಲಿ 29ನೇ ತಾರೀಕು, ರಾಜ ಸತ್ತ, ಆಮೇಲೆ ಮೋಡದ ವಿಷ್ಯ. ಅಷ್ಟೇ. ಜಗತ್ತನ್ನೇ ಗೆದ್ದೋನು ಸತ್ರೂ ಹವಾಮಾನದ ಜೊತೆ ಒಂದು ಸಾಲು. ಇವತ್ತು ಯಾವನೋ ನಟ ಕೆಮ್ಮಿದ್ರೂ ಮೂರು ದಿನ ಬ್ರೇಕಿಂಗ್ ನ್ಯೂಸ್.

ಈಗ ಗ್ರೀಸಿಗೆ ಬನ್ನಿ. ಹಿಪಾರ್ಕಸ್, ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಖಗೋಳಜ್ಞ, ದೊಡ್ಡ ತಲೆ, ನನಗೂ ಗೌರವ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ ಮೂರು ಚಿಲ್ಲರೆ ಸೆಕೆಂಡ್ ಅಂತ ಅವನ ಹೆಸರಲ್ಲಿ ಓದ್ತೀವಿ. ಇವತ್ತಿನ ಲೆಕ್ಕಕ್ಕೂ ಅದಕ್ಕೂ ಒಂದು ಸೆಕೆಂಡೂ ವ್ಯತ್ಯಾಸ ಇಲ್ಲ. ಆದ್ರೆ ಇಷ್ಟು ಕರೆಕ್ಟಾಗಿ ಬರ್ಬೇಕಂದ್ರೆ ನೂರಾರು ವರ್ಷ ಅಂತರ ಇರೋ ಎರಡು ಗ್ರಹಣ ತಗೊಂಡು ಮಧ್ಯದ ದಿನಗಳನ್ನ ತಿಂಗಳುಗಳಿಂದ ಭಾಗಿಸ್ಬೇಕು, ಹಿಪಾರ್ಕಸ್ ಏನು ನೂರಾರು ವರ್ಷ ಬದುಕಿದ್ನಾ? 1900ರಲ್ಲಿ ಕೂಗ್ಲರ್ ಅನ್ನೋ ಜೆಸೂಟ್ ಪಾದ್ರಿ ಬ್ಯಾಬಿಲೋನಿನ ಫಲಕಗಳನ್ನ ಬಿಡಿಸಿ ನೋಡಿದ್ರೆ ಅದೇ ಅಂಕಿ, 60ರ ಲೆಕ್ಕದಲ್ಲಿ (ನಾವು 10ರಲ್ಲಿ ಎಣಿಸೋ ಹಾಗೆ ಅವ್ರು 60ರಲ್ಲಿ), ಕೊನೇ ಸ್ಥಾನದವರೆಗೂ ಅದೇ! ಯಹೂದಿಗಳ ಹಬ್ಬದ ಕ್ಯಾಲೆಂಡರ್ ಇವತ್ತಿಗೂ ನಡೆಯೋದು ಆ ಅಂಕಿ ಮೇಲೇನೆ. ಆಮೇಲೆ ಬಂದ ಗ್ರೀಕ್ ಖಗೋಳಜ್ಞ ಟಾಲೆಮಿ ಅಂತೂ ಕ್ರಿ.ಪೂ. 721ರಲ್ಲಿ ಬ್ಯಾಬಿಲೋನ್‌ನಲ್ಲಿ ನೋಡಿದ ಚಂದ್ರಗ್ರಹಣನ ನೇರವಾಗಿ ತಗೊಂಡು ಲೆಕ್ಕ ಹಾಕಿದಾನೆ, ಅವನಿಗೇ ನಾಚಿಕೆ ಇರ್ಲಿಲ್ಲ ಹೇಳ್ಕೊಳ್ಳೋಕೆ, ನಿಮಗ್ಯಾಕೆ? ಬರ್ದಿಟ್ಟೋರು ಯಾರು ಹೇಳಿ!

"ಅಯ್ಯೋ ಅವ್ರಿಗೆ ಜ್ಯಾಮಿತಿ ಬರ್ತಿರ್ಲಿಲ್ಲ, ಬರೀ ಅಂಕಿ ಕೂಡ್ಸೋದು." ಈ ಮಾತು 2016ರವರೆಗೆ ನಡೀತಿತ್ತು. ಆಮೇಲೆ ಮಥಿಯು ಓಸೆಂಡ್ರೈವರ್ ಅನ್ನೋರು ಗುರುಗ್ರಹದ ಫಲಕ ಓದಿದ್ರು. ಗುರು ಮೊದಲು ದಿನಕ್ಕೆ 12 ಕಲೆ (ಒಂದು ಡಿಗ್ರಿಗೆ 60 ಕಲೆ) ಚಲಿಸ್ತಾನೆ, 60 ದಿನ ಆದ್ಮೇಲೆ ಒಂಬತ್ತೂವರೆ ಕಲೆಗೆ ಇಳೀತಾನೆ, ಅದನ್ನ ಒಂದು ತ್ರಾಪಿಜ್ಯ ಅಂತ ತಗೊಂಡು ಅದರ ವಿಸ್ತೀರ್ಣನೇ ಕ್ರಮಿಸಿದ ದೂರ ಅಂತ ಹೇಳಿದಾರೆ, 10 ಡಿಗ್ರಿ 45 ಕಲೆ. ಪಿಯುಸಿ ಫಿಸಿಕ್ಸ್‌ನಲ್ಲಿ ವೇಗದ ಗ್ರಾಫ್ ಬರೀತಿದ್ರಲ್ಲ, ಅದೇ ಐಡಿಯಾ. ನಾನು ಪಿಯುಸಿಯಲ್ಲಿ ಎಷ್ಟು ತಗೊಂಡೆ ಅನ್ನೋದು ಮೆಂಬರ್ಸ್ ಓನ್ಲಿ ವಿಡಿಯೋದಲ್ಲಿದೆ, ಜಾಯಿನ್ ಬಟನ್ ಕೆಳಗಡೆ.

ಇನ್ನೊಂದು ಗುಂಪು ಬರುತ್ತೆ ನೋಡಿ, "ಎಲ್ಲಾ ನಮ್ಮಲ್ಲೇ ಇತ್ತು, ಅವ್ರೇ ಕದ್ದಿದ್ದು." ಅಣ್ಣಂದಿರಾ, 27 ನಕ್ಷತ್ರ ನಮ್ಮದೇ, ಇಟ್ಕೊಳ್ಳಿ. ಆದ್ರೆ 30 ಡಿಗ್ರಿಯ ಸಮ ಪಾಲಿನ 12 ರಾಶಿ ಕ್ರಿ.ಪೂ. 5ನೇ ಶತಮಾನದ ಬ್ಯಾಬಿಲೋನಿಂದು, ಅಲ್ಲಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ. ಯವನರು, ಅಂದ್ರೆ ಗ್ರೀಕರು, ಮ್ಲೇಚ್ಛರಾದ್ರೂ ಈ ಶಾಸ್ತ್ರ ಬಲ್ಲೋರು, ಋಷಿಗಳ ಥರ ಪೂಜೆ ಆಗುತ್ತೆ ಅವ್ರಿಗೆ ಅಂತ 6ನೇ ಶತಮಾನದಲ್ಲಿ ವರಾಹಮಿಹಿರನೇ ಬರ್ದಿದಾನೆ. ವರಾಹಮಿಹಿರಂಗೆ ಇರದ ಉರಿ ನಿಮಗೆ ಎಲ್ಲಿಂದ ಬಂತು? ಅವನೂ ಯವನರವರೆಗೆ ಬಂದು ನಿಂತ್ಬಿಟ್ಟ ಅನ್ನೋದೇ ನನ್ನ ಬೇಜಾರು. ಇನ್ನೊಂದು ಹೆಜ್ಜೆ ಹಿಂದೆ ಹೋಗಿದ್ರೆ ಸಿಗ್ತಿದ್ರಲ್ಲ ಬರ್ದಿಟ್ಟೋರು!

"ಅವ್ರಿಗೆ ಥಿಯರಿ ಇರ್ಲಿಲ್ಲ" ಅಂತ ಇನ್ನೊಬ್ರು. ಥಿಯರಿ ಕಟ್ಕೊಂಡು ಏನ್ ಮಾಡ್ತೀರಾ ಡೇಟಾ ಇಲ್ದೆ? ಗ್ರಹಗಳ ಚಲನೆಯ ನಿಯಮ ಕೊಟ್ಟ ಕೆಪ್ಲರ್ ಕೂಡ ಜಾತಕ ಬರೀತಿದ್ದ, ಅವನನ್ನ ಯಾಕೆ ಬೈಯಲ್ಲ? ಯುರೋಪಿನವನು ಅಂತಾನಾ? ಇಲ್ಲ ಬಿಡಿ, ಅದಕ್ಕೆ ಉತ್ತರ ಕೊಡ್ತಾ ಹೋದ್ರೆ ರಾತ್ರಿ ಆಗುತ್ತೆ, ಎಡಿಟ್ ಮಾಡೋನು ನಾನೇ. ಗಡಿಯಾರ ನೋಡ್ಕೊಳ್ಳಿ, 60 ನಿಮಿಷ ಇದೆ ಅಲ್ವಾ, 60 ಸೆಕೆಂಡ್? ಬ್ಯಾಬಿಲೋನ್‌ನವ್ರ ಅದೇ 60ರ ಲೆಕ್ಕ. ಅಷ್ಟೇ. ಮುಗೀತು. ನಾನ್ ಹೇಳೋದು ಸರಿ.

ಮುಂದಿನ ವಾರ 1901ರಲ್ಲಿ ಗ್ರೀಸಿನ ಸಮುದ್ರದಲ್ಲಿ ಸಿಕ್ಕಿದ ಆಂಟಿಕಿಥೆರಾ ಯಂತ್ರ. ಕಂಚಿನ ಗೇರ್‌ಗಳು, ಹಿಂದುಗಡೆ ಗ್ರಹಣ ತೋರಿಸೋ ಡಯಲ್, ಅದರಲ್ಲಿ 223 ಮನೆ, ಯಾಕಂದ್ರೆ 223 ಚಾಂದ್ರಮಾಸಕ್ಕೊಮ್ಮೆ, ಅಂದ್ರೆ 18 ವರ್ಷ 11 ದಿನ 8 ಗಂಟೆಗೊಮ್ಮೆ ಗ್ರಹಣಗಳು ಮತ್ತೆ ಅದೇ ವರಸೆಯಲ್ಲಿ ಬರ್ತವೆ. ಆ 223 ಯಾರ ಲೆಕ್ಕ ಅಂತ ನಾನು ಬಾಯ್ಬಿಟ್ಟು ಹೇಳಲ್ಲ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಬಯ್ಯೋದಿದ್ರೂ ಲೈಕ್ ಕೊಟ್ಟು ಬಯ್ಯಿರಿ.