ಅಡುಗೆಮನೆಗೆ ಬರುವ ಸುಂಡಿಲಿ ಇಲಿಯೇ ಅಲ್ಲ

ರಾತ್ರಿ ಹನ್ನೊಂದೂವರೆ. ಈ ಕ್ಲಿಪ್ ನೋಡಿ, ಸಿಲಿಂಡರ್ ಹಿಂದಿನಿಂದ ಗೋಡೆಗೆ ಮೈ ಒರೆಸಿಕೊಂಡೇ ಚಿಕ್ ಚಿಕ್ ಅಂತ ಓಡುತ್ತಿದೆಯಲ್ಲ, ಅದೇ ನಮ್ಮನೆ ಸುಂಡಿಲಿ. ಕಣ್ಣು ಸಾಸಿವೆ ಕಾಳಿನಷ್ಟು, ಕಾಣುವುದೂ ಅಷ್ಟಕ್ಕಷ್ಟೇ.

ಹೆಸರಲ್ಲೇ ಇಲಿ ಇದೆ, ಆದರೆ ಇಲಿ ಅಲ್ಲ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಸ್ವೀಡನ್ನಿನ ಲಿನೇಯಸ್ ಕೂಡ 1766ರಲ್ಲಿ ಇದಕ್ಕೆ 'ಮ್ಯೂರಿನಸ್' ಅಂತಲೇ ಹೆಸರಿಟ್ಟ, ಅಂದರೆ ಇಲಿಯಂಥದ್ದು. ಇಲ್ಲಿ ಜೂಮ್ ಮಾಡಿದ್ದೇನೆ, ಆ ಮೂತಿ ನೋಡಿ, ಕೆಳತುಟಿ ದಾಟಿ ಚಾಚಿಕೊಂಡು ಒಂದೇ ಸಮ ಅಲುಗಾಡುತ್ತಿದೆ. ಇಲಿಯ ಮುಂದಿನ ಹಲ್ಲು ಉಳಿಯ ಹಾಗೆ, ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ಅದು ವೈರು, ಬಾಗಿಲು, ಅಕ್ಕಿ ಚೀಲ ಏನು ಸಿಕ್ಕರೂ ಕಡಿಯುತ್ತದೆ. ಸುಂಡಿಲಿಯ ಹಲ್ಲು ಚೂಪು ಚೂಪು, ಜಿರಲೆ ಅಗಿಯುವುದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಅಕ್ಕಿ ಚೀಲ ತೂತಾಗಿದ್ದಕ್ಕೆ ಇಷ್ಟು ದಿನ ಇದನ್ನೇ ಬೈದಿದ್ದೆ, ತಪ್ಪು ನನ್ನದೇ.

ಹಾಗಾದರೆ ಇದರ ನೆಂಟರು ಯಾರು? ಮೈಮೇಲೆ ಮುಳ್ಳಿರುವ ಪುಟ್ಟ ಹೆಡ್ಜ್‌ಹಾಗ್, ಮತ್ತೆ ನೆಲದೊಳಗೆ ಬಿಲ ತೋಡಿಕೊಂಡಿರುವ ಮೋಲ್. ಮೋಲ್ ನಮ್ಮ ಕಡೆ ಇಲ್ಲ, ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೋಗಬೇಕು. ತೋಟದಲ್ಲಿ ಮಣ್ಣು ಗುಡ್ಡೆ ಹಾಕುತ್ತದಲ್ಲ, ಅದು ಹೆಗ್ಗಣ, ಪಕ್ಕಾ ಇಲಿ ಜಾತಿ. ಮೋಲ್‌ನ ಮುಂಗೈ ಸಲಿಕೆ ಥರ ಹೊರಕ್ಕೆ ತಿರುಗಿರುತ್ತದೆ, ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳಿನಂಥ ಮೂಳೆ ಬೇರೆ. ರೋಮ ಮಖಮಲ್ಲಿನ ಹಾಗೆ, ಯಾವ ಕಡೆ ಸವರಿದರೂ ಮಲಗುತ್ತದೆ, ಹಾಗಾಗಿ ಬಿಲದೊಳಗೆ ಹಿಂದಕ್ಕೆ ಹೋದರೂ ಸಿಕ್ಕಿಕೊಳ್ಳುವುದಿಲ್ಲ.

ಹಿಂದೆ ಹುಳ ತಿನ್ನುವ ಸಣ್ಣ ಪ್ರಾಣಿಗಳನ್ನೆಲ್ಲ ಇನ್ಸೆಕ್ಟಿವೊರಾ ಅಂತ ಒಂದೇ ಮೂಟೆಗೆ ತುಂಬಿದ್ದರು. ಡಿಎನ್‌ಎ ನೋಡಿದ ಮೇಲೆ ಮೂಟೆ ಬಿಚ್ಚಿಹೋಯಿತು. ಇವು ಮೂರೂ ಈಗ ಯೂಲಿಪೋಟಿಫ್ಲಾ ಗಣದಲ್ಲಿವೆ. ಮಜಾ ಏನಂದರೆ, ಆಫ್ರಿಕಾದ ಎಲಿಫೆಂಟ್ ಶ್ರೂ, ಅಂದರೆ ಆನೆ ಸುಂಡಿಲಿ, ಇದೆಯಲ್ಲ, ಸುಮ್ನೆ ಮೂಗು ನೋಡಿ ಇಟ್ಟ ಹೆಸರು ಅದು, ಆದರೆ ಅದು ನಿಜಕ್ಕೂ ಆನೆ ಕಡೆಯ ನೆಂಟ, ಸುಂಡಿಲಿಗೆ ಏನೂ ಆಗಬೇಕಿಲ್ಲ!

ಹೋದ ವರ್ಷ ಇಲಿಗೆ ಅಂತ ಬೋನು ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಸುಂಡಿಲಿ ಸತ್ತು ಬಿದ್ದಿತ್ತು, ಗಾಯ ಇಲ್ಲ, ಕೊಬ್ಬರಿ ಚೂರು ಹಾಗೇ ಇತ್ತು. ಈ ಜಾತಿಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಜಾಸ್ತಿ ಹೊತ್ತು ಇರಲು ಆಗುವುದಿಲ್ಲ. ಹಸಿವಿಗೇ ಹೋಗಿರಬೇಕು. ಬೆಕ್ಕಿನ ಕೈಗೆ ಸಿಕ್ಕಿದ್ದರೂ ಬದುಕುತ್ತಿತ್ತೇನೋ, ಪಕ್ಕೆಯ ಗ್ರಂಥಿಯಿಂದ ಬರುವ ಆ ನಾತಕ್ಕೆ ನಮ್ಮ ಬೆಕ್ಕು ಮೂಸಿ ಬಿಟ್ಟುಬಿಡುತ್ತದೆ.

ಇದು ಮೊನ್ನೆಯದು. ಸದ್ದು ಮಾಡಬೇಡಿ, ನೋಡಿ. ತಾಯಿಯ ಬಾಲದ ಬುಡ ಕಚ್ಚಿಕೊಂಡು ಒಂದು ಮರಿ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು, ಥೇಟ್ ರೈಲು ಡಬ್ಬಿ. ತಿರುವಿನಲ್ಲಿ ಕೊನೆಯದು ಬಿಟ್ಟುಹೋಯಿತು, ಕೀ ಅಂತು, ರೈಲು ನಿಂತಿತು. ಮತ್ತೆ ಕಚ್ಚಿಕೊಂಡಿತು. ಹೊರಟರು, ಬಚ್ಚಲ ತೂಬಿನ ಕಡೆ.